ಕಣ್ಣಿಗೆ ಹರ್ಪಿಸ್, ಪ್ರೆಶರ್ 38: ಸ್ಟೀರಾಯ್ಡ್ ಹನಿ ಯಾಕೆ ಕೊಟ್ಟರು?

ಪ್ರಶ್ನೆ (ಚಿಂಚವಡ, ಪುಣೆ): ನಮಸ್ಕಾರ ಡಾಕ್ಟ್ರೇ. ನಮ್ಮ ಅತ್ತೆಯವರಿಗೆ 61 ವರ್ಷ. ನಾಲ್ಕು ದಿನದಿಂದ ಬಲಗಣ್ಣು ಕೆಂಪು, ನೋವು, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಂತೆ. ಹರ್ಪಿಸ್ ಯುವಿಯೈಟಿಸ್ (ಹರ್ಪಿಸ್ ವೈರಸ್‌ನಿಂದ ಕಣ್ಣೊಳಗೆ ಬರುವ ಬಾವು) ಅಂದರು, ಕಣ್ಣಿನ ಪ್ರೆಶರ್ 38. ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಹನಿ, ಪ್ರೆಶರ್ ಇಳಿಸುವ ಟಿಮೋಲಾಲ್ ಹನಿ, ವೈರಸ್ ತಡೆಯುವ ಅಸೈಕ್ಲೋವಿರ್ 400 ಮಿ.ಗ್ರಾಂ ಮಾತ್ರೆ ದಿನಕ್ಕೆ ಐದು ಸಲ ಕೊಟ್ಟಿದ್ದಾರೆ. ಸ್ಟೀರಾಯ್ಡ್‌ನಿಂದ ಪ್ರೆಶರ್ ಏರುತ್ತೆ ಅಂತಾರಲ್ಲ, ನಿಲ್ಲಿಸೋಣವೇ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಮಾಮೂಲಿ ಪ್ರೆಶರ್ 10ರಿಂದ 21. ಕಣ್ಣೊಳಗಿನ ನೀರು ಹೊರಗೆ ಹೋಗೋದು ಅಂಚಿನಲ್ಲಿರುವ ಜರಡಿಯಂಥ ಜಾಲರಿಯಿಂದ. ಹರ್ಪಿಸ್‌ನಲ್ಲಿ ಆ ಜರಡಿಯೇ ಬಾತುಕೊಳ್ಳುತ್ತೆ, ನೀರು ಒಳಗೇ ನಿಲ್ಲುತ್ತೆ. ಬಾವು ಇಳಿಸೋದು ಸ್ಟೀರಾಯ್ಡ್, ಅದರ ಜೊತೆಗೇ ಪ್ರೆಶರೂ ಇಳಿಯುತ್ತೆ. ಸ್ಟೀರಾಯ್ಡ್‌ನಿಂದಲೇ ಪ್ರೆಶರ್ ಏರುವುದು ಸಾಮಾನ್ಯವಾಗಿ ಎರಡು ವಾರ ಕಳೆದ ಮೇಲೆ. ಹನಿ ಶುರುವಾಗುವ ಮೊದಲೇ ಬಂದ 38 ಅದಲ್ಲ.

ಆದರೆ ಅಸೈಕ್ಲೋವಿರ್ ಬಿಟ್ಟು ಬರೀ ಸ್ಟೀರಾಯ್ಡ್ ಹಾಕಿದರೆ ವೈರಸ್‌ಗೆ ಬಾಗಿಲು ತೆಗೆದುಕೊಟ್ಟ ಹಾಗೆ. ಬಣ್ಣದ ಪಟ್ಟಿ ಮುಟ್ಟಿಸಿ ನೀಲಿ ಬೆಳಕಲ್ಲಿ ನೋಡಿದಾಗ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಮರದ ಕೊಂಬೆಯ ಹಾಗೆ ಕವಲೊಡೆದ ಹಸಿರು ಗೆರೆ ಕಂಡರೆ ಅದು ಹುಣ್ಣು. ಮೊದಲು ಅದು ಮಾಯಬೇಕು, ಸ್ಟೀರಾಯ್ಡ್ ಆಮೇಲೆ. ಈ ಪರೀಕ್ಷೆ ಆಗಿದೆಯಾ ಕೇಳಿ. ಕಿಡ್ನಿ ತೊಂದರೆ ಇದ್ದರೆ ಮಾತ್ರೆಯ ಪ್ರಮಾಣ ಬದಲಾಗುತ್ತೆ. ಉಬ್ಬಸ ಇದ್ದರೆ ಟಿಮೋಲಾಲ್ ಹಾಕುವ ಮೊದಲೇ ಹೇಳಿ.

ಪ್ರೆಡ್ನಿಸೋಲೋನ್ ಹಾಲಿನಂತಿರುತ್ತೆ, ಔಷಧಿ ತಳದಲ್ಲಿ ಕೂರುತ್ತೆ. ಪ್ರತಿ ಸಲ ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಬೀಳೋದು ಬರೀ ತಿಳಿನೀರು. ಎರಡು ಬೇರೆ ಬೇರೆ ಔಷಧಿಯ ಹನಿಗಳ ನಡುವೆ ಐದು ನಿಮಿಷ ಬಿಡಿ. ಟಿಮೋಲಾಲ್ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ಔಷಧಿ ಗಂಟಲಿಗೆ ಇಳಿಯಲ್ಲ.

ಪ್ರಶ್ನೆ (ಅವರೇ): ಪ್ರೆಶರ್ 18ಕ್ಕೆ ಬಂದರೆ ಬಿಡಬಹುದಾ?

ಉತ್ತರ: ಬೇಡಮ್ಮಾ. ಸ್ಟೀರಾಯ್ಡ್ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ಥಟ್ಟನೆ ಬಿಟ್ಟರೆ ಬಾವು ಮತ್ತೆ ಬರುತ್ತೆ. ಪ್ರತಿ ಭೇಟಿಯಲ್ಲೂ ಪ್ರೆಶರ್ ಅಳೆಸಿ, ತಾರೀಖಿನ ಜೊತೆ ಬರೆದಿಡಿ. ಇಳಿದದ್ದು ಮೂರನೇ ನಾಲ್ಕನೇ ವಾರದಲ್ಲಿ ಮತ್ತೆ ಏರಿದರೆ ಆಗ ಸ್ಟೀರಾಯ್ಡ್ ಮೇಲೆ ಅನುಮಾನ ಪಡಬೇಕು. ಆ ತಾರೀಖುಗಳೇ ವೈದ್ಯರಿಗೆ ದಾರಿ ತೋರಿಸೋದು.

ಪ್ರಶ್ನೆ (ಹಡಪ್ಸರ್): ಮಳೆಗಾಲದಲ್ಲಿ 'ಡೋಳೆ ಆಲೇತ್' (ಮರಾಠಿಯಲ್ಲಿ, ಕಣ್ಣುಬೇನೆ ಬಂದಿದೆ) ಅಂದರೆ ಮೆಡಿಕಲ್‌ನಲ್ಲಿ ಒಂದು ಹನಿ ಕೊಡ್ತಾರೆ. ಹಾಕಬಹುದಾ ಸರ್?

ಉತ್ತರ: ಅದು ಬೇರೆ ಕಾಯಿಲೆ. 2023ರ ಜುಲೈಯಲ್ಲಿ ಪುಣೆ ಹತ್ತಿರದ ಆಳಂದಿಯಲ್ಲಿ ಸಾವಿರಾರು ಜನಕ್ಕೆ ಬಂದದ್ದು ಈ ಥರದ ಕಣ್ಣುಬೇನೆಯೇ. ಹೆಚ್ಚಾಗಿ ಎರಡೂ ಕಣ್ಣಿಗೆ ಬರುತ್ತೆ, ಒಂದೆರಡು ವಾರದಲ್ಲಿ ತಾನಾಗೇ ಹೋಗುತ್ತೆ. ಬಾಟಲಿ ಮೇಲೆ ಡೆಕ್ಸಾಮೆಥಾಸೋನ್ (ಇದೂ ಸ್ಟೀರಾಯ್ಡೇ) ಅಂತ ಇದೆಯಾ ಓದಿ. ಇದ್ದರೆ ವಾಪಸ್ ಕೊಡಿ. ಒಂದೇ ಕಣ್ಣು ಕೆಂಪಾಗಿ, ಬೆಳಕು ನೋಡಿದರೆ ನೋವು, ನೋಟ ಮಂಜು ಅಂದರೆ ಅದು 'ಡೋಳೆ ಆಲೇತ್' ಅಲ್ಲ. ಅವತ್ತೇ ಪ್ರೆಶರ್ ಅಳೆಸಿ.