ಅಪ್‌ಡೇಟ್: ಲಕ್ಸೆಂಬರ್ಗ್‌ನಿಂದ ಟ್ರಿಯರ್‌ಗೆ ಲಿಫ್ಟ್ ಸಿಕ್ತು!

ಲಕ್ಸೆಂಬರ್ಗ್ ದಾಟಿ ಜರ್ಮನಿಯ ಟ್ರಿಯರ್‌ವರೆಗೆ ಲಿಫ್ಟ್ ಕೇಳಿಕೊಂಡೇ ಹೋಗಬಹುದಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. ಲಕ್ಸೆಂಬರ್ಗ್ ಒಳಗೆ ಲಿಫ್ಟ್‌ಗೆ ಕೈ ತೋರಿಸುವ ಅಗತ್ಯವೇ ಬೀಳಲಿಲ್ಲ. 2020ರಿಂದ ಅಲ್ಲಿ ಬಸ್ಸು, ಟ್ರಾಮು, ಸೆಕೆಂಡ್ ಕ್ಲಾಸ್ ರೈಲು ಎಲ್ಲ ಫ್ರೀ. ಹೊರಗಿನವರಿಗೂ! ಸುಮ್ನೆ ರೈಲು ಹತ್ತಿ ಗಡಿಯ ವಾಸರ್‌ಬಿಲಿಗ್‌ನಲ್ಲಿ ಇಳಿದೆ.

ಆ ಊರಲ್ಲಿ ಸಾಲುಸಾಲು ಪೆಟ್ರೋಲ್ ಬಂಕ್. ಜರ್ಮನಿಗಿಂತ ರೇಟು ಕಮ್ಮಿ, ಹಾಗಾಗಿ ಆಚೆಯವರು ಟ್ಯಾಂಕ್ ತುಂಬಿಸಲು ಬರುತ್ತಾರೆ. ನಂಬರ್ ಪ್ಲೇಟಿನಲ್ಲಿ ‘ಟಿಆರ್’ ಇದ್ದರೆ ಟ್ರಿಯರ್ ಕಡೆಯ ಗಾಡಿ. ಅಂಥವರನ್ನೇ ಹುಡುಕಿ ಕೇಳಿದೆ. ಮೂವರು ಆಗಲ್ಲ ಅಂದರು. ನಾಲ್ಕನೆಯವರು ಒಬ್ಬ ಅಜ್ಜಿ. ಸೀಟಿನ ಮೇಲಿದ್ದ ಮೊಟ್ಟೆ ಟ್ರೇ ನನ್ನ ತೊಡೆ ಮೇಲಿಟ್ಟು ಕೂರಿಸಿಕೊಂಡರು.

ಸೇತುವೆ ದಾಟಿದರೆ ಜರ್ಮನಿ, ಅಷ್ಟೇ. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ. ಆದರೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಈ ಗಡಿಯಲ್ಲೂ ತಪಾಸಣೆ ಶುರು ಮಾಡಿತ್ತು.