ಬೈಸ್ಪೆಸಿಫಿಕ್ ಎಸ್‌ಸಿಎಫ್‌ವಿ ಎರಡ ದಿನದಾಗ ಟ್ಯೂಬಿನಾಗ ಮಬ್ಬ ಆಗಾಕತ್ತೈತ್ರಿ, ಎಲ್ಲಿ ತಪ್ಪಾಗೇತಿ?

ಟಿಳಕವಾಡಿ_ಮಳಿ

ನಮಸ್ಕಾರ್ರಿ ಎಲ್ಲಾರಿಗೂ. ನಾ ಬೆಳಗಾವ್ಯಾಗ ಎಮ್ಮೆಸ್ಸಿ ಬಯೋಟೆಕ್ ಕಡೀ ವರ್ಷ. ಪ್ರಾಜೆಕ್ಟಿಗೆ ಒಂದು ಬೈಸ್ಪೆಸಿಫಿಕ್ ತುಂಡು (ಎರಡ ಬ್ಯಾರೆ ಬ್ಯಾರೆ ಗುರಿ ಹಿಡಿಯೋ ಆ್ಯಂಟಿಬಾಡಿ ತುಂಡು) ಮಾಡಾಕತ್ತೀನಿ, ಒಂದು ಕೈ ಕ್ಯಾನ್ಸರ್ ಸೆಲ್ ಮ್ಯಾಲಿನ ಹರ್2 ಪ್ರೋಟೀನ್ ಹಿಡಿಬೇಕು, ಅದು ಕ್ಯಾನ್ಸರ್ ಔಷಧ ಟ್ರಾಸ್ಟುಜುಮ್ಯಾಬ್‌ದ 4ಡಿ5, ಇನ್ನೊಂದು ಕೈ ಟಿ ಸೆಲ್‌ನ ಸಿಡಿ3 ಪ್ರೋಟೀನ್ ಹಿಡಿಬೇಕು, ಅದು ಓಕೆಟಿ3 ಅನ್ನೋ ಆ್ಯಂಟಿಬಾಡಿದು. ಎರಡೂ ಎಸ್‌ಸಿಎಫ್‌ವಿ (ಆ್ಯಂಟಿಬಾಡಿದ ಗುರಿ ಹಿಡಿಯೋ ಎರಡ ಭಾಗ, ವಿಎಚ್ ಮತ್ತ ವಿಎಲ್, ಲಿಂಕರ್ ಅನ್ನೋ ಸಣ್ಣ ಎಳಿಯಿಂದ ಕೂಡಿಸಿದ ತುಂಡು) ಒಂದರ ಹಿಂದ ಒಂದು ಇಟ್ಟು ಇ. ಕೊಲೈ ಬ್ಯಾಕ್ಟೀರಿಯಾದಾಗ ಪೆರಿಪ್ಲಾಸಮ್ಮಿಗೆ (ಅದರ ಎರಡ ಪೊರೆ ನಡುವಿನ ಜಾಗಕ್ಕ) ಕಳಸೇನಿ, ಹಿಸ್ ಟ್ಯಾಗ್ ಐತಿ, ನಿಕಲ್ ಕಾಲಮ್ಮಿನಿಂದ ತಗದು ಜೆಲ್ ಓಡಿಸಿದ್ರ 55 ಕಿಲೋಡಾಲ್ಟನ್ ಹತ್ರ ಒಂದ ಬ್ಯಾಂಡು, ಅಷ್ಟ ಸ್ವಚ್ಛ. ಅವತ್ತ ಭಾಳ ಖುಷಿ ಆಗಿತ್ರಿ. ಪಿಬಿಎಸ್‌ಗೆ (ಉಪ್ಪಿನ ಬಫರ್) ಹಾಕಿ ಕಾನ್ಸಂಟ್ರೇಟ್ ಮಾಡಿ 4 ಡಿಗ್ರಿದಾಗ ಇಟ್ಟೆ. ಎರಡ ದಿನ ಬಿಟ್ಟು ಬೆಳಕಿಗೆ ಹಿಡದು ನೋಡಿದ್ರ ಟ್ಯೂಬು ಮಬ್ಬ, ಅಕ್ಕಿ ತೊಳದ ನೀರ ಕಂಡಂಗ, ತಳಕ್ಕ ಬಿಳಿ ಪುಡಿ.

ಇನ್ನೊಂದು ಏನಪಾ ಅಂದ್ರ, ಜರ್ಕಾಟ್ ರಿಪೋರ್ಟರ್ ಸೆಲ್ (ಎಚ್ಚರ ಆದ್ರ ಸಿಗ್ನಲ್ ಕೊಡೋ ಟಿ ಸೆಲ್) ಮ್ಯಾಲ ಹಾಕಿದ್ರ ಸಿಗ್ನಲ್ ಜೋರ ಬರ್ತೈತಿ, ಆದ್ರ ಹರ್2 ಇರೋ ಸೆಲ್ ಹಾಕದನ ಇದ್ದ ವೆಲ್ಲಿನಾಗೂ ಬರ್ತೈತಿ. ಅಂದ್ರ ಕೆಲಸ ಮಾಡಾಕತ್ತೈತಿ ಅಂತ ಬರೀಲೋ ಇಲ್ಲ ಅಂತ ಬರೀಲೋ ತಿಳೀವಲ್ದು. ಲಿಂಕರ್ ಬದಲಿ ಮಾಡ್ಲೇನ್ರಿ?

ಗುಮ್ಮಟದ_ನೆರಳು (ವಿಜಯಪುರ)

ತಂಗೀ, ಮೊದ್ಲ ಆ ಸಿಗ್ನಲ್‌ನ ನಂಬಬ್ಯಾಡ. ನಿನ್ನ ಎರಡು ಪ್ರಶ್ನಿ ಬ್ಯಾರೆ ಬ್ಯಾರೆ ಅಲ್ಲ, ಒಂದ ಅವು.

ಟಿ ಸೆಲ್ ಎಚ್ಚರ ಆಗಬೇಕಂದ್ರ ಅದರ ಮೈಮ್ಯಾಲಿನ ಸಿಡಿ3ಗಳು ಒಂದ ಕಡೆ ಗುಂಪು ಕೂಡಬೇಕು. ಸರಿಯಾದ ಬೈಸ್ಪೆಸಿಫಿಕ್ಕಿನಾಗ ಸಿಡಿ3 ಹಿಡಿಯೋ ಕೈ ಒಂದ ಇರ್ತೈತಿ, ಹಂಗಾಗಿ ಅದೊಂದ ಹೋಗಿ ಕುಂತ್ರ ಏನೂ ಆಗಂಗಿಲ್ಲ. ಹರ್2 ಸೆಲ್ ಇದ್ರ ಅದರ ಮೈಮ್ಯಾಲ ಸಾಲಾಗಿ ಕುಂತು ಆಮ್ಯಾಲ ಗುಂಪು ಮಾಡ್ತೈತಿ, ಈ ಔಷಧದ ಜೀವಾನ ಅದರಾಗ ಐತಿ. ಆದ್ರ ನಿನ್ನ ಪ್ರೋಟೀನು ತಾನ ತಾನ ಅಂಟಿಕೊಂಡು ಗಂಟು ಆಗಿದ್ರ, ಒಂದೊಂದು ಗಂಟಿಗೆ ಹತ್ತಿಪ್ಪತ್ತು ಸಿಡಿ3 ಕೈ ಇರ್ತಾವ, ಅದಕ್ಕ ಕ್ಯಾನ್ಸರ್ ಸೆಲ್ ಬೇಕಾಗಂಗ ಇಲ್ಲ, ಟಿ ಸೆಲ್‌ನ ತಾನ ಎಬ್ಬಸ್ತೈತಿ. ಪ್ಲೇಟಿನಾಗ ಇದು ಛಲೋ ನಂಬರ್ ಕಂಡಂಗ ಕಾಣ್ತೈತಿ, ಪೇಷಂಟಿನ ಮೈಯಾಗ ಇದ ಆದ್ರ ಊರ ತುಂಬ ಬೆಂಕಿ ಹಚ್ಚಿದಂಗ.

ಜೆಲ್ ಸ್ವಚ್ಛ ಬಂತು ಅಂದಿ. ಎಸ್‌ಡಿಎಸ್ ಹಾಕಿ ಕುದಿಸಿದ ಮ್ಯಾಲ ಗಂಟು ಬಿಚ್ಚಿ ಹೋಗ್ತೈತಲ್ಲ, ಅಲ್ಲಿ ಹ್ಯಾಂಗ ಕಾಣಬೇಕು? ಸೈಜ್ ಎಕ್ಸ್‌ಕ್ಲೂಷನ್ ಕಾಲಮ್ (ಪ್ರೋಟೀನನ್ನ ಗಾತ್ರದ ಮ್ಯಾಲ ಬ್ಯಾರೆ ಮಾಡೋದು, ದೊಡ್ಡದು ಮೊದ್ಲ ಬರ್ತೈತಿ) ಓಡಸು. ಮೊದಲಿಗೇನ, ವಾಯ್ಡ್ ವಾಲ್ಯೂಮಿನಾಗ ಪೀಕ್ ಬಂತು ಅಂದ್ರ ಅದು ಗಂಟು. ಮಾನೋಮರ್ (ಗಂಟು ಆಗದ ಒಂಟಿ ತುಂಡು) ಪೀಕ್ ಅಷ್ಟ ತಗೊಂಡು ಅವತ್ತಿನ ದಿನಾನ ಅಸ್ಸೇ ಮಾಡು, ಫ್ರಿಜ್ಜಿನಾಗ ಇಟ್ಟು ನಾಳಿ ಮಾಡ್ತೀನಿ ಅನ್ನಬ್ಯಾಡ. ಕಂಟ್ರೋಲಿಗೆ ಹರ್2 ಇಲ್ಲದ ಸೆಲ್ ಒಂದು ಹಾಕು, ಬರೇ ಜರ್ಕಾಟ್ ಒಂದು ಹಾಕು, ಹರ್2 ಸೆಲ್ ಇದ್ದಲ್ಲಿ ಟ್ರಾಸ್ಟುಜುಮ್ಯಾಬ್ ಜಾಸ್ತಿ ಸುರದು ಒಂದು ಹಾಕು. ಅದೂ ನಿನ್ನ 4ಡಿ5ನೂ ಹಿಡಿಯೋ ಜಾಗ ಒಂದ, ಹಂಗಾಗಿ ಸಿಗ್ನಲ್ ಇಳೀಬೇಕು. ಇಳೀಲಿಲ್ಲ ಅಂದ್ರ ಅದು ಹರ್2 ಕಡಿಂದ ಬಂದ ಸಿಗ್ನಲ್ ಅಲ್ಲ. ಮುಂದ ಪಿಬಿಎಂಸಿ (ರಕ್ತದಿಂದ ತಗದ ಬಿಳಿ ಸೆಲ್) ಮ್ಯಾಲ ಹೋಗೋ ಪ್ಲ್ಯಾನ್ ಇದ್ರ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ತಗೀದ ಹೋಗಬ್ಯಾಡ, ಇ. ಕೊಲೈದಾಗ ಮಾಡಿದ್ದು.

ಇಳಕಲ್ಲ_ದಡಿ

ಅಕ್ಕಾರು ಹೇಳಿದ್ದು ಖರೇ. ಗಂಟು ಯಾಕ ಆತು ಅನ್ನೋದಕ್ಕ ನಾ ಬರೀತೀನಿ. ಲಿಂಕರಿಗೆ ಕೈ ಹಚ್ಚೋದು ಕಡೀಗೆ, ಮೊದ್ಲ ನಿಮ್ಮ ಓಕೆಟಿ3 ಸೀಕ್ವೆನ್ಸ್ ತಗದು ಹೆವಿ ಚೈನಿನ ಮೂರನೇ ಸಿಡಿಆರ್ (ಗುರಿ ಮುಟ್ಟೋ ಕುಣಿಕಿ) ಓದ್ರಿ. ಅಲ್ಲೊಂದು ಸಿಸ್ಟೀನ್ (ಇನ್ನೊಂದು ಸಿಸ್ಟೀನಿನ ಕೂಡ ಡೈಸಲ್ಫೈಡ್ ಕೊಂಡಿ ಹಾಕೋ ಅಮೈನೋ ಆಸಿಡ್) ಒಂಟಿಯಾಗಿ ಕುಂತೈತಿ, ಜೋಡಿ ಇಲ್ಲ ಅದಕ್ಕ. ಓಕೆಟಿ3 ಭಾಳ ಹಳೇದು, 1986ರಾಗ ಔಷಧ ಆಗಿ ಮಂಜೂರಾದ ಮೊದಲನೇ ಮಾನೋಕ್ಲೋನಲ್ ಅದ, ಪೂರಾ ಆ್ಯಂಟಿಬಾಡಿ ಆಗಿದ್ದಾಗ ಅದು ನಡದೈತಿ. ತುಂಡು ಮಾಡಿ ಬ್ಯಾಕ್ಟೀರಿಯಾದಾಗ ಹಾಕಿದ್ರ ಆ ಸಿಸ್ಟೀನು ಸಿಕ್ಕ ಸಿಕ್ಕ ಸಿಸ್ಟೀನಿನ ಕೂಡ ಗಂಟು ಹಾಕೊಳ್ಳಾಕ ನೋಡ್ತೈತಿ. ಅದನ್ನ ಸೀರಿನ್ ಮಾಡಿದ್ರ ಸಿಡಿ3 ಹಿಡಿಯೋದು ಹೋಗಂಗಿಲ್ಲ, ಇಳುವರಿ ಸುಧಾರಸ್ತೈತಿ, ಇದು 1990ರ ದಶಕದಾಗ ಮಾಡಿ ನೋಡಿದ್ದ ಕೆಲಸ.

ಖಾತ್ರಿ ಮಾಡ್ಕೊಬೇಕಂದ್ರ ಡಿಟಿಟಿ (ಡೈಸಲ್ಫೈಡ್ ಬಿಚ್ಚೋ ಕೆಮಿಕಲ್) ಹಾಕದನ ಒಂದು ಜೆಲ್ ಓಡಸ್ರಿ, 110ರ ಆಸುಪಾಸು ಬ್ಯಾಂಡ್ ಕಂಡ್ರ ಎರಡ ತುಂಡು ಡೈಸಲ್ಫೈಡಿನಿಂದ ಕೂಡ್ಯಾವು ಅಂತ.

ಲಿಂಕರ್ ವಿಷಯ. ನಮ್ಮ ಮನ್ಯಾಗ ಮಗ್ಗ ಐತ್ರಿ, ಅದಕ್ಕ ಇದು ನನಗ ಕೈಯಾಗ ತಿಳೀತೈತಿ. ಇಳಕಲ್ಲ ಸೀರಿ ಒಡಲಿನ ಹಾಸು ಬ್ಯಾರೆ, ಸೆರಗಿನ ರೇಶ್ಮಿ ಹಾಸು ಬ್ಯಾರೆ, ಎರಡೂ ಎಳಿ ಎಳಿ ಕೊಂಡಿ ಹಾಕಿ ಕೂಡಸ್ತಾರ. ಕೊಂಡಿ ಎಷ್ಟ ಛಂದ ಹಾಕಿದ್ರೂ ಒಂದು ಹಾಸು ಜಾಳ ಇತ್ತಂದ್ರ ಹರಿಯೋದು ಅಲ್ಲೇ, ಕೊಂಡಿ ಹತ್ರ ಅಲ್ಲ. ನಿಮ್ಮದರಾಗೂ ಎರಡ ಕೈ ಬ್ಯಾರೆ ಬ್ಯಾರೆ ಮಾಡಿ ನೋಡ್ರಿ, ಬರೇ 4ಡಿ5 ಎಸ್‌ಸಿಎಫ್‌ವಿ ಒಂದು, ಬರೇ ಓಕೆಟಿ3 ಒಂದು. ಸೈಪ್ರೊ ಆರೆಂಜ್ (ಬಿಚ್ಚಿದ ಪ್ರೋಟೀನಿಗೆ ಅಂಟಿ ಹೊಳಿಯೋ ಬಣ್ಣ) ಹಾಕಿ ಪಿಸಿಆರ್ ಮಷೀನಿನಾಗ 25ರಿಂದ 95 ಡಿಗ್ರಿತನ ಮೆಲ್ಲಕ ಏರಿಸಿದ್ರ ಯಾವುದು ಮೊದ್ಲ ಬಿಚ್ಚಕೋತೈತಿ ಗೊತ್ತಾಗ್ತೈತಿ. 4ಡಿ5 ಗಟ್ಟಿ ಆಸಾಮಿ, ನನಗ ಅನುಮಾನ ಪೂರಾ ಓಕೆಟಿ3 ಮ್ಯಾಲ.

ಇನ್ನ ಒಂದೊಂದು ಎಸ್‌ಸಿಎಫ್‌ವಿ ಒಳಗಿನ ಲಿಂಕರ್ 15 ಅಮೈನೋ ಆಸಿಡ್ಡಿಗಿಂತ ಕಮ್ಮಿ ಮಾಡಬ್ಯಾಡ್ರಿ, ನಾಕ ಗ್ಲೈಸಿನ್ ಒಂದು ಸೀರಿನ್ ಮೂರ ಸಲ. ಗಿಡ್ಡ ಆತಂದ್ರ ವಿಎಚ್‌ಗೆ ತನ್ನ ವಿಎಲ್ ಮುಟ್ಟಾಕ ಆಗಂಗಿಲ್ಲ, ಬಾಜೂದ ಚೈನಿನ ವಿಎಲ್ ಹಿಡಕೊಂಡು ಕುಂಡ್ರತೈತಿ. ಬೇಕಂತ ಹಂಗ ಮಾಡಿದ್ರ ಅದಕ್ಕ ಡಯಾಬಾಡಿ ಅಂತಾರ, 1993ರಿಂದ ಐತಿ, ಅದೂ ಛಲೋ ದಾರಿನ, ಆದ್ರ ಬ್ಯಾಡಾದಾಗ ಆದ್ರ ತ್ರಾಸು. ವಿಎಚ್‌ದ 44ನೇ, ವಿಎಲ್‌ದ 100ನೇ ಜಾಗದಾಗ ಸಿಸ್ಟೀನ್ ಹಾಕಿ ಎರಡನ್ನೂ ಬೆಸೀಬಹುದು, ಆದ್ರ ಆ ಒಂಟಿ ಸಿಸ್ಟೀನ್ ತಗೀದ ಮತ್ತೆರಡು ಸೇರಿಸಿದ್ರ ಗೋಜಲು ಜಾಸ್ತಿನ ಆಗ್ತೈತಿ.

ಮುಧೋಳ_ಫಾರ್ಮಸಿ

ನಾ ಲ್ಯಾಬಿನಾವ ಅಲ್ರಿ, ಔಷಧ ಕಡಿಯಾವ. ಇದ ಜಾತಿ ಔಷಧ ಬ್ಲಿನಾಟುಮೊಮ್ಯಾಬ್, ಸಿಡಿ19 ಮತ್ತ ಸಿಡಿ3, ಅಮೆರಿಕಾದಾಗ 2014ರಾಗ ಬಂತು, ಸುಮಾರು 55 ಕಿಲೋಡಾಲ್ಟನ್, ರಕ್ತದಾಗ ಅರ್ಧ ಆಯುಷ್ಯ ಎರಡ ತಾಸಿನ ಆಜೂಬಾಜೂ, ಅದಕ್ಕ 28 ದಿನ ಹಗಲು ರಾತ್ರಿ ಪಂಪಿನಿಂದ ಬಿಡಬೇಕಾಗ್ತೈತಿ. ಅದರ ಡಬ್ಬಿ ಕೂಡ ಒಂದು ಬ್ಯಾರೆ ಸ್ಟೆಬಿಲೈಜರ್ ಬಾಟ್ಲಿ ಬರ್ತೈತಿ, ಅದು ಮೊದ್ಲ ಸಲೈನ್ ಚೀಲಕ್ಕ ಹಾಕಬೇಕು, ಯಾಕಂದ್ರ ಔಷಧ ಪ್ಲಾಸ್ಟಿಕ್ಕಿಗೆ ಅಂಟತೈತಿ. ಔಷಧದ ಬಾಟ್ಲಿ ಒಳಗ ಟ್ರೆಹಲೋಸ್, ಲೈಸಿನ್, ಪಾಲಿಸಾರ್ಬೇಟ್ 80 ಅದಾವ. ಬರೇ ಪಿಬಿಎಸ್ ನಿಮಗ ಸಾಲ್ತೈತೋ ಇಲ್ಲೋ ನೀವ ನೋಡ್ರಿ.

ಟಿಳಕವಾಡಿ_ಮಳಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಡಿಟಿಟಿ ಇಲ್ಲದ ಜೆಲ್ ನಿನ್ನಿ ಓಡಿಸಿದೆ, 110 ಹತ್ರ ದಪ್ಪ ಬ್ಯಾಂಡು, ಬಾವಿ ಬಾಯಾಗೂ ಒಂದೀಟು ಒಳಗ ಹೋಗದನ ನಿಂತೈತಿ. ಸಿಸ್ಟೀನೂ ಅಲ್ಲೇ ಐತಿ, ಇಷ್ಟ ದಿನ ಅದನ್ನ ಓದಿದ್ರೂ ಲಕ್ಷ್ಯ ಕೊಟ್ಟಿರಲಿಲ್ಲ. ಸೀರಿನ್ ಪ್ರೈಮರ್ ಆರ್ಡರ್ ಹಾಕೇನಿ. ಜರ್ಕಾಟ್ ಗ್ರಾಫು ಪ್ರಾಜೆಕ್ಟ್ ರಿಪೋರ್ಟಿನಿಂದ ತಗದೇನಿ, ಗೈಡ್ ಸರ್‌ಗೂ ಹೇಳೀನಿ.

ಅಕ್ಕಾರ, ಒಂದ ಕೇಳೋದೈತಿ, ನಮ್ಮಲ್ಲಿ ಮಳಿ ಚಾಲೂ ಆದ್ರ ಕರೆಂಟ್ ಹೋಗಿ ಬರೋದು ನಡದ ಇರ್ತೈತಿ, ಮಾನೋಮರ್ ಅಷ್ಟನ್ನೂ ಒಂದ ಟ್ಯೂಬಿನಾಗ ಇಡ್ಲೋ?

ಗುಮ್ಮಟದ_ನೆರಳು

50 ಮೈಕ್ರೋಲೀಟರ್ ಮಾಡಿ ಸಣ್ಣ ಸಣ್ಣ ಟ್ಯೂಬಿಗೆ ಹಂಚು, ಲಿಕ್ವಿಡ್ ನೈಟ್ರೋಜನ್ ಸಿಕ್ರ ಅದರಾಗ ಅದ್ದಿ ಮೈನಸ್ 80ಕ್ಕ ಇಡು. ಒಮ್ಮೆ ಕರಗಿದ್ದನ್ನ ಮತ್ತ ಹೆಪ್ಪಗಟ್ಟಸಬ್ಯಾಡ. ಎರಡ ಟ್ಯೂಬು 37 ಡಿಗ್ರಿದಾಗ ಇಟ್ಟು 1, 3, 7ನೇ ದಿನ ಕಾಲಮ್ ಓಡಸು, ಒಂದು ಹಳೇದು ಒಂದು ಸೀರಿನ್ ಮಾಡಿದ್ದು. ಟ್ರೇಸ್ ಬಂದ ಮ್ಯಾಲ ಇಲ್ಲೇ ಹಾಕು, ನೋಡೂಣು.