ಲಾರಾವೆಲ್: /ಗ್ಯಾಲರಿ ಪುಟಕ್ಕೆ ಮಾತ್ರ 403, ಉಳಿದದ್ದೆಲ್ಲ ಸರಿ

ಪ್ರಶ್ನೆ:
ಗೆಳೆಯರ ನಾಟಕ ತಂಡಕ್ಕೆ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್ ಆದ ಲಾರಾವೆಲ್‌ನಲ್ಲಿ ಸೈಟ್ ಮಾಡಿಕೊಟ್ಟಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಏನೂ ತೊಂದರೆ ಇಲ್ಲ. ಅಪಾಚೆ ಸರ್ವರ್‌ಗೆ ಹಾಕಿದ ಮೇಲೂ ಎರಡು ದಿನ ಚೆನ್ನಾಗಿತ್ತು. ನಿನ್ನೆ ಅವರು ಮೊದಲ ಫೋಟೋಗಳನ್ನು ಅಪ್‌ಲೋಡ್ ಮಾಡಿದರು. ಆಮೇಲಿಂದ /ಗ್ಯಾಲರಿ ತೆರೆದರೆ 403 ಫರ್ಬಿಡನ್ (ಪ್ರವೇಶ ನಿರಾಕರಣೆ). ಆದರೆ /ಗ್ಯಾಲರಿ/12 ಸರಿಯಾಗಿ ಬರುತ್ತದೆ! ರೂಟ್ ಕ್ಯಾಶ್ (ಯಾವ ವಿಳಾಸಕ್ಕೆ ಯಾವ ಕೋಡ್ ಅನ್ನುವ ಉಳಿಸಿಟ್ಟ ಪಟ್ಟಿ) ತೆಗೆದೆ, ಪರ್ಮಿಶನ್ ನೋಡಿದೆ. ಲಾರಾವೆಲ್ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಭಾನುವಾರ ಪ್ರದರ್ಶನ ಇದೆ, ದಯವಿಟ್ಟು ಸಹಾಯ ಮಾಡಿ.

ಉತ್ತರ:
ಫೋಟೋಗಳು ಎಲ್ಲಿ ಸೇವ್ ಆಗುತ್ತಿವೆ? ಪಬ್ಲಿಕ್ ಫೋಲ್ಡರ್ ಒಳಗೆ ಗ್ಯಾಲರಿ ಅಂತಲೇ ಇನ್ನೊಂದು ಫೋಲ್ಡರ್ ಹುಟ್ಟಿಕೊಂಡಿದೆಯಾ ನೋಡಿ. ಅಡ್ರೆಸ್ ಬಾರ್ ಕೂಡ ಗಮನಿಸಿ, ಕೊನೆಗೆ ಒಂದು ಸ್ಲ್ಯಾಶ್ ತಾನಾಗಿ ಸೇರುತ್ತಿದೆ ಅಲ್ವಾ?

ಪ್ರಶ್ನೆ ಕೇಳಿದವರು:
ಹೌದು, ಎರಡೂ ನಿಜ! ಅಪ್‌ಲೋಡ್ ಕೋಡೇ ಆ ಫೋಲ್ಡರ್ ಮಾಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನಾನು ಅಪ್‌ಲೋಡ್ ಮಾಡಿಯೇ ಇರಲಿಲ್ಲ.

ಉತ್ತರ:
ಹಾಗಾದರೆ ಸಿಕ್ಕಿತು. ಪಬ್ಲಿಕ್‌ನಲ್ಲಿರುವ ಎಚ್‌ಟಿಆಕ್ಸೆಸ್ ಕಡತದಲ್ಲಿ (ಅಪಾಚೆಗೆ ನಿಯಮ ಹೇಳುವ ಕಡತ) ಎರಡು ಷರತ್ತುಗಳಿವೆ, ಒಂದು "!-ಡಿ", ಇನ್ನೊಂದು "!-ಎಫ್". ಆ ಹೆಸರಿನ ಫೋಲ್ಡರ್ ಅಥವಾ ಫೈಲ್ ಇಲ್ಲದಿದ್ದರೆ ಮಾತ್ರ ಲಾರಾವೆಲ್‌ಗೆ ಕಳಿಸು ಅಂತ ಅರ್ಥ. ಈಗ ಫೋಲ್ಡರ್ ಇದೆ, ಹಾಗಾಗಿ ವಿನಂತಿ ನಿಮ್ಮ ರೂಟ್‌ವರೆಗೆ ಬರುವುದೇ ಇಲ್ಲ. ಅಪಾಚೆ ಸ್ಲ್ಯಾಶ್ ಸೇರಿಸಿ ಫೋಲ್ಡರ್ ಒಳಗೆ ಹೋಗುತ್ತದೆ. ಅಲ್ಲಿ ಇಂಡೆಕ್ಸ್ ಫೈಲ್ ಇಲ್ಲ, ಪಟ್ಟಿ ತೋರಿಸಲು ಅನುಮತಿಯೂ ಇಲ್ಲ, ಅದಕ್ಕೇ 403. 12 ಅನ್ನುವ ಫೋಲ್ಡರ್ ಇಲ್ಲವಲ್ಲ, ಆ ಪುಟ ಬದುಕಿಕೊಂಡಿತು. ಅಪಾಚೆಯ ಎರರ್ ಲಾಗ್ ತೆರೆದರೆ ಇದನ್ನೇ ಹೇಳುವ ಎಎಚ್01276 ಎಂಬ ದೋಷ ಸಂಖ್ಯೆ ಸಿಗುತ್ತದೆ.

"!-ಡಿ" ಸಾಲು ತೆಗೆದು ಡೈರೆಕ್ಟರಿ‌ಸ್ಲ್ಯಾಶ್ (ಸ್ಲ್ಯಾಶ್ ಸೇರಿಸುವ ಅಪಾಚೆ ಸೆಟ್ಟಿಂಗ್) ಆಫ್ ಮಾಡಿದರೂ ಆಗುತ್ತದೆ. ನಾನಂತೂ ಬೇಡ ಅನ್ನುತ್ತೇನೆ. ನಾಳೆ ಸರ್ವರ್ ಬದಲಾದರೆ ಮತ್ತೆ ಇದೇ ಗೋಳು. ಫೋಟೋಗಳನ್ನು ಸ್ಟೋರೇಜ್ ಒಳಗಿನ ಆ್ಯಪ್/ಪಬ್ಲಿಕ್‌ಗೆ ಸರಿಸಿ, ಲಾರಾವೆಲ್‌ನ ಕಮಾಂಡ್ ಸಾಧನ ಆರ್ಟಿಸನ್‌ನಲ್ಲಿ ಸ್ಟೋರೇಜ್:ಲಿಂಕ್ ಕೊಡಿ, ಅದು ಪಬ್ಲಿಕ್‌ನಿಂದ ಅಲ್ಲಿಗೆ ಕೊಂಡಿ ಹಾಕುತ್ತದೆ. ಡೇಟಾಬೇಸ್‌ನಲ್ಲಿರುವ ಹಳೆಯ ಪಾತ್‌ಗಳನ್ನೂ ತಿದ್ದಿ. ಕೊನೆಗೆ ಖಾಲಿ ಫೋಲ್ಡರನ್ನು ಅಳಿಸಲು ಮರೆಯಬೇಡಿ. ಖಾಲಿ ಇದ್ದರೂ ಅದು ಅಡ್ಡ ಬರುತ್ತದೆ.

ಇನ್ನೊಬ್ಬರು:
ಎಂಜಿನ್‌ಎಕ್ಸ್ (ಇನ್ನೊಂದು ವೆಬ್ ಸರ್ವರ್) ಇರುವವರಿಗೂ ಇದೇ ಕಥೆ. ಅದರ ಸೆಟ್ಟಿಂಗ್‌ನ ಟ್ರೈ_ಫೈಲ್ಸ್ ಸಾಲಿನಲ್ಲಿ ಸ್ಲ್ಯಾಶ್ ಇರುವ ಎರಡನೇ ಯುಆರ್‌ಐ ಫೋಲ್ಡರನ್ನು ಹುಡುಕುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲ ಮಾಡಿದೆ. ಈಗ ಕ್ರೋಮ್‌ನಲ್ಲಿ "ಟೂ ಮೆನಿ ರೀಡೈರೆಕ್ಟ್ಸ್"! ಇನ್‌ಕಾಗ್ನಿಟೋದಲ್ಲಿ ಮಾತ್ರ ಸರಿ.

ಉತ್ತರ:
ಅಪಾಚೆ ಸ್ಲ್ಯಾಶ್ ಸೇರಿಸಿದ್ದು 301 (ಶಾಶ್ವತ ರೀಡೈರೆಕ್ಟ್) ಮೂಲಕ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡಿದೆ. ಈಗ ಲಾರಾವೆಲ್‌ನ ಎಚ್‌ಟಿಆಕ್ಸೆಸ್ ಅದೇ ಸ್ಲ್ಯಾಶ್ ತೆಗೆಯುತ್ತಿದೆ, ಹಾಗಾಗಿ ಎರಡರ ನಡುವೆ ಸುತ್ತುತ್ತಿದೆ. ಬ್ರೌಸರ್ ಕ್ಯಾಶ್ ಅಳಿಸಿ ನೋಡಿ.

ಪ್ರಶ್ನೆ ಕೇಳಿದವರು:
ಬಂತು! ಫೋಟೋಗಳೆಲ್ಲ ಕಾಣುತ್ತಿವೆ. ತುಂಬಾ ಥ್ಯಾಂಕ್ಸ್. ತಂಡದವರ ಫೋನ್‌ಗಳಲ್ಲೂ ಕ್ಯಾಶ್ ಅಳಿಸಲು ಹೇಳುತ್ತೇನೆ.